ದೇವಯಾನಿ ಯಾರ ಮುಂದೆ ಅತ್ತಳು?

ಮಹಾಭಾರತದ ಆದಿಪರ್ವದಲ್ಲಿ ಒಂದು ಸಣ್ಣ ಸಂದು ಇದೆ. ಅಲ್ಲಿ ಏನೂ ನಡೆಯುವುದಿಲ್ಲ. ಅದಕ್ಕೇ ಅದು ನನ್ನನ್ನು ಕಾಡುತ್ತದೆ.

ಸಂದಿನ ಈಚೆ ಕಚನ ಕತೆ. ದೇವತೆಗಳ ಗುರು ಬೃಹಸ್ಪತಿಯ ಮಗ ಕಚ, ಸತ್ತವರನ್ನು ಬದುಕಿಸುವ ವಿದ್ಯೆ ಕಲಿಯೋಕೆ ಅಸುರರ ಗುರು ಶುಕ್ರಾಚಾರ್ಯರ ಹತ್ತಿರ ಬರುತ್ತಾನೆ. ಬರುವಾಗಲೇ ಅವನಿಗೆ ದೇವತೆಗಳು ಹೇಳಿಕೊಟ್ಟಿರುತ್ತಾರೆ: ಗುರುವಿಗೊಬ್ಬಳು ಮಗಳಿದ್ದಾಳೆ, ಅವಳನ್ನು ಮೆಚ್ಚಿಸು, ಕೆಲಸ ಆಗುತ್ತದೆ. ಅವನು ಹಾಡುತ್ತಾನೆ, ಕುಣಿಯುತ್ತಾನೆ, ಹೂವು ಹಣ್ಣು ತಂದುಕೊಡುತ್ತಾನೆ. ದೇವಯಾನಿಗೆ ಮನಸ್ಸಾಗುತ್ತದೆ. ಅಸುರರು ಅವನನ್ನು ಕೊಂದಾಗಲೆಲ್ಲ ಅಪ್ಪನ ಮುಂದೆ ಹಟ ಹಿಡಿದು ಬದುಕಿಸಿಕೊಳ್ಳುತ್ತಾಳೆ. ಕೊನೆಗೆ ವಿದ್ಯೆ ಕೈಗೆ ಬಂತು, ಕಚ ಹೊರಟು ನಿಂತ. ನನ್ನನ್ನು ಮದುವೆಯಾಗು ಅಂದಳು. ನಾನು ನಿನ್ನಪ್ಪನ ಹೊಟ್ಟೆಯಿಂದ ಮರುಹುಟ್ಟು ಪಡೆದವನು, ನೀನು ನನಗೆ ತಂಗಿ ಅಂದ. ಇವಳು ಶಾಪ ಕೊಟ್ಟಳು, ಅವನೂ ಕೊಟ್ಟ. ಹೋದ.

ಸಂದಿನ ಆಚೆ ಒಂದು ಕೊಳ. ದೇವಯಾನಿ, ಅಸುರರಾಜ ವೃಷಪರ್ವನ ಮಗಳು ಶರ್ಮಿಷ್ಠೆ ಮತ್ತು ಉಳಿದ ಹುಡುಗಿಯರು ನೀರಾಟ ಆಡುತ್ತಿದ್ದಾರೆ. ದಡದ ಮೇಲಿನ ಸೀರೆಗಳು ಗಾಳಿಗೆ ಕಲೆಸಿಹೋಗಿವೆ.

ಎರಡರ ನಡುವೆ ಎಷ್ಟು ಕಾಲ ಹೋಯಿತು? ಕಚ ಹೋದ ರಾತ್ರಿ ದೇವಯಾನಿ ಯಾರ ಮುಂದೆ ಅತ್ತಳು? ಅವಳಿಗೆ ತಾಯಿಯ ಸುದ್ದಿ ಆ ಕತೆಯಲ್ಲಿಲ್ಲ. ಅಪ್ಪನ ಮುಂದೆ ಇಂಥದ್ದಕ್ಕೆಲ್ಲ ಯಾರು ಅಳುತ್ತಾರೆ? ಉಳಿದವಳು ಒಬ್ಬಳೇ, ಶರ್ಮಿಷ್ಠೆ. ವ್ಯಾಸರು ಹೇಳಿಲ್ಲ, ಆದರೆ ನನ್ನ ಊಹೆ ಇದು: ಆ ಕೊಳಕ್ಕೆ ಬರುವ ಮುಂಚೆ ಎಷ್ಟೋ ಸಂಜೆ ದೇವಯಾನಿ ಮಾತಾಡಿದ್ದಾಳೆ, ಶರ್ಮಿಷ್ಠೆ ಕೇಳಿದ್ದಾಳೆ. ಕೈಗೂಡದ ಪ್ರೀತಿಯಲ್ಲಿ ಪ್ರೀತಿಸಿದವನ ಪಾತ್ರ ಬಹಳ ಕಡಿಮೆ. ಅವನು ಹೋಗಿಬಿಟ್ಟಿರುತ್ತಾನೆ. ಆಮೇಲಿನ ತಿಂಗಳುಗಳೆಲ್ಲ ನಡೆಯುವುದು ನೊಂದವಳ ಮತ್ತು ಅದನ್ನು ಕೇಳಿಸಿಕೊಳ್ಳುವ ಗೆಳತಿಯ ನಡುವೆ. ಪಿಜಿಯಲ್ಲಿ ಎರಡು ವರ್ಷ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೊಳದ ದಡ. ಅವಸರದಲ್ಲಿ ಶರ್ಮಿಷ್ಠೆ ದೇವಯಾನಿಯ ಸೀರೆ ಉಡುತ್ತಾಳೆ. ಶಿಷ್ಯರ ಮನೆಯವಳು ನನ್ನ ಬಟ್ಟೆ ಹೇಗೆ ಮುಟ್ಟಿದೆ ಅಂತ ಇವಳು. ನಿನ್ನಪ್ಪ ನಮ್ಮಪ್ಪನ ಕೆಳಗೆ ಕೂತು ಹೊಗಳಿ ಬೇಡಿ ತಿನ್ನುವವನು ಅಂತ ಅವಳು. ಮಾತು ಬೆಳೆದು ದೇವಯಾನಿ ಬಾವಿ ಸೇರುತ್ತಾಳೆ. ಬೇಟೆಗೆ ಬಂದ ಯಯಾತಿ ಕೈ ಹಿಡಿದು ಎತ್ತುವುದು ಆಮೇಲೆ. ಮಗಳಿಗಾದ ಅವಮಾನಕ್ಕೆ ಶುಕ್ರಾಚಾರ್ಯರು ರಾಜ್ಯ ಬಿಟ್ಟು ಹೊರಟಾಗ ವೃಷಪರ್ವ ಕಾಲಿಗೆ ಬೀಳುತ್ತಾನೆ. ದೇವಯಾನಿ ಒಂದೇ ಷರತ್ತು ಹಾಕುತ್ತಾಳೆ: ಸಾವಿರ ದಾಸಿಯರ ಜೊತೆ ಶರ್ಮಿಷ್ಠೆ ನನಗೆ ದಾಸಿಯಾಗಬೇಕು, ನಾನು ಮದುವೆಯಾಗಿ ಹೋದಲ್ಲಿಗೂ ಬರಬೇಕು. ತನ್ನ ಜನ ಉಳಿಯಲಿ ಅಂತ ರಾಜಕುಮಾರಿ ಒಪ್ಪುತ್ತಾಳೆ.

ಗಮನಿಸಿ, ಇಷ್ಟು ಹೊತ್ತಿಗೆ ಯಯಾತಿಯ ವಿಷಯಕ್ಕೆ ಒಂದು ಜಗಳವೂ ಆಗಿಲ್ಲ. ಒಬ್ಬ ಗಂಡಸು ನಡುವೆ ಬಂದದ್ದರಿಂದ ಇಬ್ಬರು ಗೆಳತಿಯರು ಕೆಟ್ಟರು ಅಂತ ಸೀರಿಯಲ್‌ನವರು ಹೇಳುತ್ತಾರೆ, ಹೆಣ್ಣಿಗೆ ಹೆಣ್ಣೇ ಶತ್ರು ಅನ್ನೋ ಹಳಸಲು ಮಾತನ್ನೂ ಸೇರಿಸುತ್ತಾರೆ. ಮೂಲ ಕತೆಯಲ್ಲಿ ಗೆಳೆತನ ಮುರಿದದ್ದು ಯಾರಪ್ಪ ಯಾರ ಅನ್ನ ತಿನ್ನುತ್ತಾನೆ ಅನ್ನೋ ಲೆಕ್ಕದ ಮೇಲೆ. ಯಯಾತಿ ಬರೋ ಹೊತ್ತಿಗೆ ಮುರಿಯೋದಕ್ಕೆ ಏನೂ ಉಳಿದಿರಲಿಲ್ಲ.

ಹಾಗಂತ ಅಂದುಕೊಂಡಿದ್ದೆ. ಆದರೆ ಮುಂದೆ ಒಂದು ವಿಚಿತ್ರ ಬರುತ್ತದೆ. ವರ್ಷಗಳ ಮೇಲೆ ಶರ್ಮಿಷ್ಠೆ ಗುಟ್ಟಾಗಿ ಯಯಾತಿಯ ಹತ್ತಿರ ತನಗೊಂದು ಮಗು ಬೇಕೆಂದು ಕೇಳುತ್ತಾಳೆ. ಅವನು ಹಿಂಜರಿದಾಗ ವಾದ ಹೂಡುತ್ತಾಳೆ. ಗೆಳತಿಯ ಗಂಡನೂ ತನ್ನ ಗಂಡನೂ ಬೇರೆಯಲ್ಲ ಅನ್ನೋದು ಒಂದು ವಾದ. ನಾನು ದೇವಯಾನಿಯ ದಾಸಿ, ಅವಳು ನಿನ್ನವಳು, ಹಾಗಾಗಿ ನನ್ನ ಹೊಣೆಯೂ ನಿನ್ನದು ಅನ್ನೋದು ಇನ್ನೊಂದು. ಒಂದೇ ಉಸಿರಿನಲ್ಲಿ ಗೆಳತಿ, ದಾಸಿ ಎರಡೂ! ಲಾಯರ್ ಬುದ್ಧಿ ಅಂತ ನಕ್ಕು ಮುಂದೆ ಹೋಗಬಹುದು. ಆದರೆ ದಾಸಿಯಾಗಿ ಅಷ್ಟು ಕಾಲ ಕಳೆದ ಮೇಲೂ ಆ ಹೆಣ್ಣಿನ ಬಾಯಲ್ಲಿ ದೇವಯಾನಿಯ ಬಗ್ಗೆ 'ಸಖಿ' ಅನ್ನೋ ಮಾತು ಉಳಿದಿತ್ತಲ್ಲ. ಅದು ಎಲ್ಲಿ ಉಳಿದಿತ್ತು?

ಅಂದಹಾಗೆ, ಆಮೇಲೆ ಸಿಂಹಾಸನ ಸಿಕ್ಕಿದ್ದು ಈ ದಾಸಿಯ ಮಗ ಪೂರುವಿಗೆ. ಕೌರವ ಪಾಂಡವರು ಅವನ ವಂಶದವರು. ನಮ್ಮ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಹತ್ತು ಪರ್ವಗಳೂ ಒಂದು ಲೆಕ್ಕದಲ್ಲಿ ಶರ್ಮಿಷ್ಠೆಯ ಮೊಮ್ಮಕ್ಕಳ ಜಗಳವೇ.

ರಾಜರಾಣಿಯರ ಕತೆಗಳಲ್ಲಿ ಸಖಿ ಎಲ್ಲೆಲ್ಲೂ ಇದ್ದಾಳೆ. ನಮ್ಮ ಕಡೆಯದೇ ಒಂದು ಉದಾಹರಣೆ ಹೇಳುತ್ತೇನೆ. ಪಂಪ ತನ್ನ ಕನ್ನಡವನ್ನು ಪುಲಿಗೆರೆಯ ತಿರುಳ್ಗನ್ನಡ ಅಂತ ಹೆಮ್ಮೆಯಿಂದ ಕರೆದುಕೊಂಡವನು. ಆ ಪುಲಿಗೆರೆ ಅಂದರೆ ಇವತ್ತಿನ ಲಕ್ಷ್ಮೇಶ್ವರ. ಅವನ 'ಆದಿಪುರಾಣ' 941ರದ್ದು. ಅದರಲ್ಲಿ ಚಕ್ರವರ್ತಿಯ ಮಗಳು ಶ್ರೀಮತಿಗೆ ಹಿಂದಿನ ಜನ್ಮದ ಪ್ರಿಯನ ನೆನಪು ಮರಳುತ್ತದೆ. ಈ ಜನ್ಮದಲ್ಲಿ ಅವನು ಯಾರು, ಎಲ್ಲಿದ್ದಾನೆ, ಗೊತ್ತಿಲ್ಲ. ಊಟ ನಿದ್ದೆ ಬಿಟ್ಟು ಕೂತವಳ ಬಾಯಿ ಬಿಡಿಸುವುದು ಅವಳ ದಾದಿ ಪಂಡಿತೆ. ಶ್ರೀಮತಿ ಹಳೆಯ ಜನ್ಮದ ಚಿತ್ರ ಬರೆದುಕೊಡುತ್ತಾಳೆ. ಪಂಡಿತೆ ಅದನ್ನು ಜಿನಾಲಯದಲ್ಲಿ ಇಟ್ಟು, ಬಂದುಹೋಗುವವರ ಮುಖ ನೋಡುತ್ತಾ ಕೂರುತ್ತಾಳೆ. ಗುರುತು ಹಿಡಿದೆ ಅಂತ ಸುಳ್ಳು ಹೇಳುವವರೂ ಬರುತ್ತಾರೆ, ಅವರನ್ನೆಲ್ಲ ಸೋಸುತ್ತಾಳೆ. ಕೊನೆಗೆ ವಜ್ರಜಂಘ ಬಂದು ಗುರುತಿಸುತ್ತಾನೆ.

ಇಡೀ ಕೆಲಸ ಮಾಡಿದ್ದು ಪಂಡಿತೆ. ಅವಳು ಯಾರಿಗಾಗಿಯಾದರೂ ಹಂಬಲಿಸಿದ್ದಳಾ? ಅವಳಿಗೂ ಹಿಂದಿನ ಜನ್ಮ ಇದ್ದಿರಬೇಕಲ್ಲ, ಜೈನ ಪುರಾಣದಲ್ಲಿ ಜನ್ಮಾಂತರ ಇರೋದು ಅರಸರಿಗೆ ಮಾತ್ರವಲ್ಲ. ಶ್ರೀಮತಿ ಕೇಳುವುದಿಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕೆಂದರೆ, ಸಖಿ ಅನ್ನೋ ಫೋಲ್ಡರ್‌ಗೆ ರೈಟ್ ಪರ್ಮಿಷನ್ ಇದೆ, ಅದನ್ನು ಯಾರೂ ರೀಡ್ ಮಾಡುವುದಿಲ್ಲ.

ಇದನ್ನು ಬರೀ ಪುರಾಣ ಅಂತ ನನಗೆ ಬಿಟ್ಟುಬಿಡೋಕೆ ಆಗುವುದಿಲ್ಲ, ಯಾಕಂದರೆ ನಮ್ಮ ಆಯಿ ಒಬ್ಬಳು ಪಂಡಿತೆ. ಅವ್ವನ ತಾಯಿ. ಶಿರಹಟ್ಟಿ, ಮುಂಡರಗಿ ಕಡೆ ಊರಿಗೊಂದು ವಾಡೆ ಇರುತ್ತಿದ್ದ ಕಾಲ. ಅಂಥ ಒಂದು ವಾಡೆಯಲ್ಲಿ ಆಯಿ ಎಂಟನೇ ವಯಸ್ಸಿನಿಂದ ಇದ್ದಳು. ಕೆಲಸ ಅಂದರೆ ಕೆಲಸ, ಆದರೆ ಮುಖ್ಯ ಕೆಲಸ ಧಣಿಯ ಮಗಳ ಜೋಡಿ ಇರುವುದು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಗದಗಿನಿಂದ ಪೇಟಿ ಕಲಿಸೋಕೆ ಬರುತ್ತಿದ್ದ ಒಬ್ಬ ಮಾಸ್ತರನ ಮೇಲೆ ಆ ಹುಡುಗಿಗೆ ಮನಸ್ಸಾಯಿತು. ಮಾಸ್ತರನಿಗೆ ಅದು ಗೊತ್ತೇ ಆಗಲಿಲ್ಲ. ಅವಳನ್ನು ಮಿರಜ ಕಡೆ ಕೊಟ್ಟರು, ಆಯಿ ಒಂದು ವರ್ಷ ಜೊತೆಗೆ ಹೋಗಿದ್ದಳು. ಅಲ್ಲಿಯೂ ರಾತ್ರಿಯೆಲ್ಲ ಅದೇ ಮಾತಂತೆ.

ಆಯಿ ಇದನ್ನು ನನಗೆ ಹೇಳಿದ್ದು ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ, ರಜಕ್ಕೆ ಊರಿಗೆ ಹೋದಾಗ. ಹೇಳುವಾಗ ಅವಳ ಮುಖದಲ್ಲಿ ಒಂದು ಹಿಗ್ಗು.

"ಆಕಿ ಅವರವ್ವನ ಮುಂದ ಹೇಳದ್ದು ನನ್ನ ಮುಂದ ಹೇಳ್ತಿದ್ಲು. ಅಷ್ಟು ಗೆಳೆತನ."

"ನೀ ಆಕಿ ಮುಂದ ಏನ್ ಹೇಳ್ತಿದ್ದಿ?"

"ನಾ ಏನ್ ಹೇಳ್ಲಿ? ಆಕಿ ಕೇಳ್ಲಿಲ್ಲ."

"ಕೇಳಿದ್ರ?"

ಹುಣಸೀಹಣ್ಣಿನ ಬೀಜ ಬಿಡಿಸುತ್ತಿದ್ದ ಕೈ ನಿಲ್ಲಲಿಲ್ಲ. "ಕೇಳಿದ್ರ ಹೇಳಾಕ ನಂದೂ ಒಂದ್ ಇತ್ತು" ಅಂದಳು. ಅಷ್ಟೇ. ಏನದು ಅಂತ ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಆಯಿ ತೀರಿಕೊಂಡಾಗ ಆ ವಾಡೆಯ ಕಡೆಯವರೊಬ್ಬರು ಫೋನ್ ಮಾಡಿದ್ದರು. ಕಾಳಜಿಯಿಂದಲೇ ಮಾತಾಡಿದರು. "ನಮ್ಮಲ್ಲಿ ಕೆಲಸಕ್ಕಿದ್ದಳು, ಭಾಳ ಚಲೋ ಹೆಣ್ಣಮಗಳು" ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆಯಿ ಹೇಳಿದ್ದರಲ್ಲೂ ಸುಳ್ಳಿಲ್ಲ.

ಇಲ್ಲಿ ಸುಲಭದ ತೀರ್ಪು ಒಂದಿದೆ: ಒಡತಿ ಮತ್ತು ಆಳಿನ ನಡುವೆ ಇರುವುದು ಗೆಳೆತನವೇ ಅಲ್ಲ, ಅದು ಸಂಬಳವಿಲ್ಲದ ಇನ್ನೊಂದು ಚಾಕರಿ. ಓದಿದವರು ಹೀಗೆ ಹೇಳುತ್ತಾರೆ, ನನಗೂ ಬಹಳ ದಿನ ಹೀಗೇ ಅನ್ನಿಸುತ್ತಿತ್ತು. ಆದರೆ ಈ ತೀರ್ಪು ಆಯಿಯ ಕೈಯಿಂದ ಅವಳ ಬದುಕಿನ ಒಂದು ದೊಡ್ಡ ಹೆಮ್ಮೆಯನ್ನು ಕಿತ್ತುಕೊಳ್ಳುತ್ತದೆ. ಆ ಮಾತುಗಳನ್ನು ಅರವತ್ತು ವರ್ಷ ಯಾರಿಗೂ ಹೇಳದೆ ಕಾಪಾಡಿದವಳು ಅವಳು. ಅದು ಚಾಕರಿಯ ನಿಯಮದಲ್ಲಿರಲಿಲ್ಲ. ಅವಳ ಕಡೆಯಿಂದ ಅದು ಗೆಳೆತನವೇ, ಪೂರ್ತಿ ಗೆಳೆತನ. ಆಚೆ ಕಡೆಯಿಂದ ಬರಲಿಲ್ಲ, ಅಷ್ಟೇ.

ಅಂದರೆ ಈ ಕತೆಗಳಲ್ಲಿರುವ ಕೈಗೂಡದ ಪ್ರೀತಿ ನಾವು ಅಂದುಕೊಂಡದ್ದಲ್ಲ. ವಾಡೆಯ ಹುಡುಗಿಗೆ ಪೇಟಿ ಮಾಸ್ತರನ ಮೇಲೆ ಇದ್ದದ್ದು ಒಂದು, ಅದನ್ನು ಕೇಳುತ್ತಾ ಕೂತವಳಿಗೆ ಆ ಹುಡುಗಿಯ ಮೇಲೆ ಇದ್ದದ್ದು ಇನ್ನೊಂದು. ಮೊದಲನೆಯದಕ್ಕೆ ಹಾಡು, ಸಿನಿಮಾ, ಕಾವ್ಯ ಎಲ್ಲ ಇವೆ. ಎರಡನೆಯದಕ್ಕೆ ಹೆಸರಿಲ್ಲ. ಗಂಡು ಹೆಣ್ಣಿನ ನಡುವೆ ಆದರೆ ಒನ್ ಸೈಡ್ ಲವ್ ಅನ್ನುತ್ತೇವೆ. ಒನ್ ಸೈಡ್ ಗೆಳೆತನ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಹಾಗಾದರೆ ಆ ಹುಡುಗಿ ತಪ್ಪು ಮಾಡಿದಳಾ? ಪೇಟಿ ಮಾಸ್ತರ ಏನೂ ತಪ್ಪು ಮಾಡಲಿಲ್ಲ, ಅದು ಖಚಿತ. ಪ್ರೀತಿಸಿದವರನ್ನು ತಿರುಗಿ ಪ್ರೀತಿಸಲೇಬೇಕು ಅನ್ನೋ ಸಾಲ ಯಾರ ಮೇಲೂ ಇಲ್ಲ. ಈ ಸಾಲ ಇದೆ ಅಂದುಕೊಂಡವರೇ ಹುಡುಗಿಯರ ಹಿಂದೆ ಬೈಕ್ ಓಡಿಸೋದು. ಆದರೆ ಅವನು ಏನನ್ನೂ ತೆಗೆದುಕೊಂಡಿರಲಿಲ್ಲ. ಕಚ ತೆಗೆದುಕೊಂಡಿದ್ದ, ಮೂರು ಸಲ ಜೀವ ತೆಗೆದುಕೊಂಡಿದ್ದ. ನನಗೆ ಕಚನ ಮೇಲೆ ಸಿಟ್ಟಿರೋದು ಅವನು ಮದುವೆ ಬೇಡ ಅಂದದ್ದಕ್ಕಲ್ಲ. ಬೇಕಾದಷ್ಟು ದಿನ ಅವಳ ಪ್ರೀತಿಯ ಮೇಲೆ ಬದುಕಿ, ಹೊರಡುವ ದಿನ ಸಂಬಂಧದ ವ್ಯಾಕರಣ ತೆಗೆದದ್ದಕ್ಕೆ. ಗೆಳತಿಯ ಕಿವಿ, ಗೆಳತಿಯ ರಾತ್ರಿ, ಗೆಳತಿಯ ಗುಟ್ಟು ಕಾಯುವ ನಾಲಿಗೆ ಇವನ್ನೂ ಹಾಗೆ ದಿನದಿನ ತೆಗೆದುಕೊಳ್ಳುತ್ತೇವೆ. ತೆಗೆದುಕೊಂಡ ಮೇಲೆ ಸಾಲ ಹುಟ್ಟುತ್ತದೆ. ದೊಡ್ಡ ಸಾಲವೇನಲ್ಲ. ನಿಂದೇನು ಅಂತ ಒಂದು ಮಾತು ಕೇಳುವಷ್ಟು. ವಾಡೆಯ ಹುಡುಗಿ ಕ್ರೂರಿಯಲ್ಲ, ಆಯಿಗೆ ಸೀರೆ ಕೊಟ್ಟಳು, ಬೆಂಡೋಲೆ ಕೊಟ್ಟಳು. ಆ ಒಂದು ಮಾತು ಕೊಡಲಿಲ್ಲ. ನನ್ನ ಪ್ರಕಾರ ಅದು ತಪ್ಪೇ.

ಮತ್ತೆ ದೇವಯಾನಿಯನ್ನು ನೋಡಿ. ಕಚ ತನಗೆ ಮಾಡಿದ್ದನ್ನೇ ಅವಳು ಶರ್ಮಿಷ್ಠೆಗೆ ಮಾಡಿದಳು ಅನ್ನಿಸುತ್ತದೆ. ನೋವು ತಿಂದವರು ಮೆತ್ತಗಾಗುತ್ತಾರೆ ಅನ್ನೋದು ನಮ್ಮ ಆಸೆ ಮಾತ್ರ. ಬಾವಿಗೆ ತಳ್ಳಿಸಿಕೊಂಡದ್ದು ಸಣ್ಣ ವಿಷಯವಲ್ಲ, ಒಪ್ಪಿದೆ. ಆದರೂ ಶಿಕ್ಷೆಯಾಗಿ ಅವಳು ಬಯಸಿದ್ದೇನು? ಶರ್ಮಿಷ್ಠೆ ಕಣ್ಣಿಂದ ದೂರ ಹೋಗಲಿ ಅಂತಲ್ಲ. ಜೀವನಪೂರ್ತಿ ನನ್ನ ಹತ್ತಿರ ಇರಲಿ, ಆದರೆ ಮರುಮಾತಾಡುವ ಹಕ್ಕಿಲ್ಲದೆ ಇರಲಿ ಅಂತ. ಖಾಂಡೇಕರರ ಮರಾಠಿ 'ಯಯಾತಿ' ಕಾದಂಬರಿಯಲ್ಲಿ ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರೂ ತಮ್ಮ ತಮ್ಮ ಪಾಲಿನ ಕತೆ ತಾವೇ ಹೇಳುತ್ತಾರೆ. ಓದುಗರಿಗೆ ಇಬ್ಬರು ಹೆಣ್ಣುಗಳ ಒಳಗೂ ಕೇಳಿಸುತ್ತದೆ. ಅವರಿಬ್ಬರಿಗೆ ಒಬ್ಬರದು ಒಬ್ಬರಿಗೆ ಕೇಳಿಸುವುದಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಜೇನ್ ಆಸ್ಟಿನ್ ಬರೆದ 'ಎಮ್ಮಾ' 1815ರದ್ದು. ಸಿರಿವಂತ ಮನೆತನದ ಎಮ್ಮಾ, ತಂದೆ ಯಾರೆಂದು ಗೊತ್ತಿಲ್ಲದ ಹ್ಯಾರಿಯೆಟ್‌ಳನ್ನು ಗೆಳತಿ ಮಾಡಿಕೊಳ್ಳುತ್ತಾಳೆ. ಅವಳನ್ನು ಮೆಚ್ಚಿದ ಒಬ್ಬ ಒಳ್ಳೆ ರೈತನನ್ನು ಬೇಡ ಅನ್ನಿಸಿ, ತಾನು ಆರಿಸಿದ ಗಂಡಿನ ಮೇಲೆ ಆಸೆ ಹುಟ್ಟಿಸುತ್ತಾಳೆ. ಇಲ್ಲಿ ಮೇಲಿನವಳು ಕೇಳುತ್ತಾಳೆ, ಬಹಳ ಕೇಳುತ್ತಾಳೆ, ಆದರೆ ತನ್ನ ಆಟಕ್ಕೆ. ಕೊನೆಗೆ ಹ್ಯಾರಿಯೆಟ್ ನಿಜವಾಗಿ ತನ್ನ ಮನಸ್ಸು ಬಿಚ್ಚಿ, ನೈಟ್ಲಿ ಮೇಲೆ ಆಸೆ ಅಂದ ಕೂಡಲೇ ಎಮ್ಮಾಗೆ ಹೊಳೆಯುವುದು, ಅಯ್ಯೋ ಅವನು ನನಗೆ ಬೇಕು ಅಂತ. ಗೆಳತಿಯ ಪ್ರೀತಿಯೂ ತನ್ನ ಪ್ರೀತಿ ಗೊತ್ತಾಗೋಕೆ ಒಂದು ಕನ್ನಡಿ. ಆಮೇಲೆ ಆ ಸ್ನೇಹ ಮೆಲ್ಲಗೆ ತಣ್ಣಗಾಗುತ್ತದೆ, ಹ್ಯಾರಿಯೆಟ್ ಅದೇ ರೈತನನ್ನು ಮದುವೆಯಾಗುತ್ತಾಳೆ. ಕಾದಂಬರಿ ನಗುನಗುತ್ತಾ ಮುಗಿಯುತ್ತದೆ.

ಇಬ್ಬರೂ ಸಮಾನರಾಗಿದ್ದರೆ ಸಾಕಾ ಅಂತ ಕೇಳಬಹುದು. ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋದಾಗಲೆಲ್ಲ ನನಗೂ ಈ ಪ್ರಶ್ನೆ ಬರುತ್ತದೆ. ಅಲ್ಲಿನ ಬ್ರಹ್ಮಜಿನಾಲಯ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಶಾಸನ 1007ರದ್ದು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಬರೆಸಿ ಹಂಚಿದವಳು ಅಂತ ಶಾಲೆಯಲ್ಲಿ ಓದಿರುತ್ತೀರಿ. ಅವಳ ತಂಗಿ ಗುಂಡಮಬ್ಬೆ. ಇಬ್ಬರನ್ನೂ ಚಾಲುಕ್ಯರ ದಂಡನಾಯಕ ನಾಗದೇವನಿಗೆ ಕೊಟ್ಟಿದ್ದರು. ನಾಗದೇವ ತೀರಿಕೊಂಡಾಗ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಮಗನನ್ನು ಸಾಕಿಕೊಂಡು ವ್ರತ ಹಿಡಿದು ಉಳಿದಳು. ಇದನ್ನು ರನ್ನ 993ರ 'ಅಜಿತಪುರಾಣ'ದಲ್ಲಿ ಹೇಳುತ್ತಾನೆ, ಅತ್ತಿಮಬ್ಬೆಯೇ ಬರೆಸಿದ ಕಾವ್ಯ ಅದು. ಒಂದೇ ಮನೆಯಲ್ಲಿ ಹುಟ್ಟಿ ಒಂದೇ ಮನೆ ಸೇರಿದ ಇಬ್ಬರು, ಒಬ್ಬಳು ಒಡತಿ ಒಬ್ಬಳು ದಾಸಿ ಅಲ್ಲ. ಅಂಥವರ ನಡುವೆಯೂ ಆ ದಿನ ಏನು ಮಾತಾಯಿತು, ಉಳಿಯುವವಳು ಹೋಗುವವಳಿಗೆ ಏನು ಹೇಳಿದಳು, ಬೇಡ ಅಂದಳಾ, ನಮಗೆ ಬಂದಿಲ್ಲ. ಪತಿಭಕ್ತಿ ಬಂದಿದೆ, ದಾನ ಬಂದಿದೆ. ಅಕ್ಕತಂಗಿಯರ ಮಾತಿಗೆ ಕಾವ್ಯದಲ್ಲಿ ಜಾಗ ಇರಲಿಲ್ಲವೋ ಏನೋ. ಸಮಾನತೆ ಬೇಕು, ಆದರೆ ಅದೊಂದೇ ಸಾಲದು ಅನ್ನಿಸುವುದು ಆ ಗುಡಿಯ ತಂಪು ನೆಲದ ಮೇಲೆ ಕೂತಾಗ.

ಈಗ ನಮ್ಮ ಅರಮನೆಗಳಿಗೆ ಬರೋಣ, ಆ ಗಾಜಿನವು. ನಾಲ್ಕು ಗಂಟೆಗೆ ಟೀಮ್ ಲೀಡ್ ಜೂನಿಯರ್ ಹುಡುಗಿಯನ್ನು ಚಹಾಕ್ಕೆ ಕರೆಯುತ್ತಾಳೆ. ಬ್ರೇಕಪ್ ಆಗಿದೆ, ಪಾಪ, ನಿಜವಾದ ನೋವು. ನಲವತ್ತು ನಿಮಿಷ ಮಾತು. ಜೂನಿಯರ್ ತಲೆ ಹಾಕುತ್ತಾಳೆ, ಅವಳ ಟಿಕೆಟ್ ಹಾಗೇ ಬಾಕಿ ಇದೆ, ಎರಡು ತಿಂಗಳಲ್ಲಿ ಅಪ್ರೈಸಲ್. ಅವಳು ನನ್ನ ಬೆಸ್ಟ್ ಫ್ರೆಂಡ್ ಥರ, ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾಳೆ ಅಂತ ಲೀಡ್ ಆಮೇಲೆ ಮೆಚ್ಚಿಕೊಳ್ಳುತ್ತಾಳೆ. ಇಂಥವನ್ನು ನಾನು ಬೇರೆ ಬೇರೆ ಆಫೀಸಿನಲ್ಲಿ ಎಷ್ಟೋ ನೋಡಿದ್ದೇನೆ. ಅಪಾರ್ಟ್‌ಮೆಂಟಿನ ಅಡುಗೆ ಅಕ್ಕನ ಮುಂದೆ ಸಂಸಾರ ಬಿಚ್ಚಿ, ಅಕ್ಕನ ಊರು ಯಾವುದು ಅಂತ ಗೊತ್ತಿಲ್ಲದವರನ್ನೂ ನೋಡಿದ್ದೇನೆ.

ಕೆಳಗಿನವರ ಮುಂದೆ ಮನಸ್ಸು ಬಿಚ್ಚಲೇಬಾರದು ಅಂತ ಎಚ್‌ಆರ್‌ನವರ ಹಾಗೆ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮೇಲಿನವರು ಮೇಲಿನವರ ಜೊತೆಗೇ, ಕೆಳಗಿನವರು ಕೆಳಗಿನವರ ಜೊತೆಗೇ ಉಳಿಯುತ್ತಾರೆ, ಅದು ಇನ್ನೂ ಕೆಟ್ಟದ್ದು. ನನಗೆ ಮುಖ್ಯ ಅನ್ನಿಸೋದು ಎರಡು. ಕೇಳುವವಳಿಗೆ ಇವತ್ತು ಆಗಲ್ಲ ಅನ್ನೋ ಧೈರ್ಯ ಇದೆಯಾ? ಮತ್ತೆ ಅವಳ ಸರದಿ ಯಾವತ್ತಾದರೂ ಬರುತ್ತದಾ? ಮೊದಲನೆಯದು ಅವಳ ಕೈಯಲ್ಲಿ ಪೂರ್ತಿ ಇಲ್ಲ, ಸಂಬಳ ಬರೆಯುವವರ ಕೈಯಲ್ಲಿದೆ. ಎರಡನೆಯದಂತೂ ಪೂರ್ತಿ ನಮ್ಮ ಕೈಯಲ್ಲೇ ಇದೆ. ಸರದಿ ಬಂದಾಗ ಅವಳು ಏನೂ ಹೇಳದೆ ಇರಬಹುದು, ಅದು ಅವಳಿಷ್ಟ. ಆಯಿಯೂ ನನ್ನ ಮುಂದೆ ಹೇಳಲಿಲ್ಲವಲ್ಲ.

ಸರದಿ ಬಂದ ಒಂದು ಕತೆ ನನಗೆ ಗೊತ್ತು. ಗಿರೀಶ ಕಾರ್ನಾಡರು ಇಪ್ಪತ್ತೆರಡರ ವಯಸ್ಸಿನಲ್ಲಿ ಬರೆದ 'ಯಯಾತಿ'. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಎಲ್ಲರೂ ಆ ನಾಟಕದ ಅಪ್ಪ ಮಗನ ಬಗ್ಗೆ, ಕೈ ಬದಲಾದ ಮುಪ್ಪಿನ ಬಗ್ಗೆ ಮಾತಾಡುತ್ತಾರೆ. ನನಗೆ ನೆನಪಿರೋದು ಸ್ವರ್ಣಲತೆ, ಅರಮನೆಯ ದಾಸಿ. ಪೂರುವಿನ ಹೊಸ ಹೆಂಡತಿ ಚಿತ್ರಲೇಖಾ ಜೊತೆ ಅವಳಿದ್ದಾಳೆ. ಮಾಮೂಲಿ ಕತೆಯಾದರೆ ಅವಳ ಕೆಲಸ ದೀಪ ಹಚ್ಚಿ, ಹೂಂ ಹೂಂ ಅನ್ನೋದು. ಇಲ್ಲಿ ದಾಸಿ ತನ್ನ ಕತೆ ಹೇಳುತ್ತಾಳೆ, ರಾಣಿ ಕೇಳುತ್ತಾಳೆ. ಪಾಠ ಹೇಳಿದ ಗುರುವಿನ ಜೊತೆ ಇವಳಿಗೆ ಸಂಬಂಧ ಇತ್ತೆಂದು ಗಂಡನಿಗೆ ಸಂಶಯ. ಇಲ್ಲ ಅಂದರೆ ನಂಬುವುದಿಲ್ಲ, ನಿದ್ದೆಯಿಲ್ಲದೆ ಒದ್ದಾಡುತ್ತಾನೆ. ಅವನ ಸಂಕಟ ನೋಡಲಾರದೆ ಹೌದು ಅಂತ ಸುಳ್ಳೊಪ್ಪಿಕೊಳ್ಳುತ್ತಾಳೆ. ಅವನು ನೆಮ್ಮದಿಯಿಂದ ಮಲಗಿ, ಆಮೇಲೆ ಅವಳನ್ನು ಬಿಟ್ಟು ಹೋಗುತ್ತಾನೆ.

ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ. ಚಿತ್ರಲೇಖಾ ಕೊನೆಗೆ ವಿಷ ಕುಡಿಯುತ್ತಾಳೆ. ಆದರೆ ಕುಡಿಯುವ ಮುಂಚೆ, ತನ್ನ ಸಂಕಟ ಕುತ್ತಿಗೆವರೆಗೆ ಬಂದಿದ್ದ ಹೊತ್ತಿನಲ್ಲೂ, ಅವಳು ಒಬ್ಬ ದಾಸಿಯ ಮಾತನ್ನು ಕೊನೆಯವರೆಗೆ ಕೇಳಿದ್ದಳು.